ಮನೆಯಲ್ಲಿ ಧರ್ಮಗ್ರಂಥದ ಸ್ಥಾನ

ಒಂದು ಮನೆಯಲ್ಲಿ ಧರ್ಮಗ್ರಂಥವು ಎಲ್ಲಿ ಇಡಲ್ಪಟ್ಟಿದೆ ಎಂದು ಕೇಳುವದು ಒಂದು ಪ್ರಶ್ನೆ. ಅದು ದಿನದ ಯಾವ ಹೊತ್ತಿನಲ್ಲಿ, ಯಾರ ಕೈಯಿಂದ ತೆರೆಯಲ್ಪಡುತ್ತದೆ ಎಂದು ಕೇಳುವದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಕೊಡಲು ಯಾವ ಮನೆಯವರೂ ತಡವರಿಸುವದಿಲ್ಲ. ದೇವರ ಕೋಣೆಯಲ್ಲಿ, ಗೋಡೆಯ ಎತ್ತರವಾದ ಗೂಡಿನಲ್ಲಿ, ರೇಷ್ಮೆಯ ವಸ್ತ್ರದೊಳಗೆ, ಗಾಜಿನ ಬೀರುವಿನಲ್ಲಿ, ಹೀಗೆ ಒಂದೊಂದು ಮನೆಯಲ್ಲಿ ಒಂದೊಂದು ಗೌರವದ ಸ್ಥಳವುಂಟು. ಎರಡನೆಯದಕ್ಕೆ ಉತ್ತರವು ಅಷ್ಟು ಬೇಗನೆ ಬರುವದಿಲ್ಲ. ಈ ಲೇಖನದಲ್ಲಿ ನಾವು ಆ ಎರಡನೆಯ ಪ್ರಶ್ನೆಯನ್ನೇ ಹಿಡಿದು, ನಾನಾ ಮತದವರು ತಮ್ಮ ಗ್ರಂಥವನ್ನು ದಿನದಿನದ ಬಾಳಿಗೆ ಹೇಗೆ ಜೋಡಿಸಿಕೊಂಡಿದ್ದಾರೆಂಬದನ್ನು ಸ್ವಲ್ಪಮಟ್ಟಿಗೆ ವಿಚಾರಿಸುವೆವು.

ಇದನ್ನು ಬರೆಯುವದಕ್ಕೆ ಕಾರಣವೂ ಇದೆ. ನಮ್ಮ ಶಾಲೆಯ ಒಂದೇ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತವರಲ್ಲಿ ಒಬ್ಬಳ ಮನೆಯಲ್ಲಿ ಸತ್ಯವೇದ, ಇನ್ನೊಬ್ಬಳ ಮನೆಯಲ್ಲಿ ಭಾರತ ರಾಮಾಯಣಗಳು, ಮತ್ತೊಬ್ಬಳ ಮನೆಯಲ್ಲಿ ಕುರಾನು, ಮಗದೊಬ್ಬಳ ಮನೆಯಲ್ಲಿ ಜಿನಾಗಮ ಅಥವಾ ಶರಣರ ವಚನಗಳು. ಬುತ್ತಿಯನ್ನು ಹಂಚಿಕೊಂಡು ತಿಂದರು, ಒಬ್ಬರ ಜಡೆಯನ್ನು ಇನ್ನೊಬ್ಬರು ಹೆಣೆದರು. ಆದರೂ ಗೆಳತಿಯ ಮನೆಯ ಗ್ರಂಥದ ವಿಷಯ ಕೇಳಿದವರು ಅಪೂರ್ವ. ಕೇಳಿದರೆ ತಪ್ಪಾದೀತೋ ಎಂಬ ಸಂಕೋಚವು ಚಿಕ್ಕಂದಿನಿಂದಲೇ ಬಂದಿರುತ್ತದೆ. ಕೇಳಿದ್ದರೆ ಎಷ್ಟೋ ಸಂಗತಿಗಳು ಪರಿಚಿತವಾಗಿಯೇ ತೋರುತ್ತಿದ್ದವು.

ದೃಷ್ಟಾಂತಕ್ಕೆ ಪುಸ್ತಕವಿಡುವ ಪೀಠವನ್ನೇ ತೆಗೆದುಕೊಳ್ಳೋಣ. ಎರಡು ಹಲಗೆಗಳು ನಡುವೆ ಹೆಣೆದುಕೊಂಡು ಕತ್ತರಿಯಂತೆ ಬಿಚ್ಚಿ ನಿಲ್ಲುವ ಮರದ ಪೀಠವದು. ಪುರಾಣ ಹೇಳುವ ಮನೆಯಲ್ಲಿ ಅದಕ್ಕೆ ವ್ಯಾಸಪೀಠವೆಂದು ಹೆಸರು. ಮುಸಲ್ಮಾನರ ಮನೆಯಲ್ಲಿ ಅದೇ ರೆಹಲು. ಕೆತ್ತುವ ಬಡಗಿಗೆ ಎರಡೂ ಒಂದೇ ಕೆಲಸ. ದೇವರ ಮಾತು ನೆಲಕ್ಕೆ ತಾಗಕೂಡದು, ಓದುವವರ ಕಾಲಿನ ಮಟ್ಟಕ್ಕೆ ಇಳಿಯಕೂಡದು ಎಂಬ ಭಾವನೆಯೂ ಇಬ್ಬರದು ಒಂದೇ. ತಪ್ಪಿ ಪುಸ್ತಕಕ್ಕೆ ಕಾಲು ಸೋಕಿದರೆ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಳ್ಳುವ ವಾಡಿಕೆಯನ್ನು ನಮ್ಮ ನಾಡಿನ ಮಕ್ಕಳಿಗೆ ಯಾರೂ ಪಾಠ ಹೇಳಿ ಕಲಿಸಿದ್ದಲ್ಲ. ನವರಾತ್ರಿಯ ಸರಸ್ವತೀಪೂಜೆಯಂದು ಪುಸ್ತಕಗಳನ್ನು ಪೂಜೆಗಿಟ್ಟು, ಅವನ್ನು ತೆಗೆಯುವವರೆಗೆ ಓದಕೂಡದೆಂಬ ಕಟ್ಟಳೆಯೂ ಇದೇ ಗೌರವದಿಂದ ಬಂದದ್ದು; ಮಕ್ಕಳು ಅದನ್ನು ಅತ್ಯಂತ ಭಕ್ತಿಯಿಂದ ಪಾಲಿಸುವದಕ್ಕೆ ಬೇರೆ ಕಾರಣವಿದ್ದೀತು.

ಕುರಾನ್ ಎಂಬ ಶಬ್ದಕ್ಕೆ ಪಠನವೆಂದೇ ಅರ್ಥ. ಅದು ಮೊದಲು ಬಾಯಿಗೂ ಕಿವಿಗೂ ಬಂದ ಗ್ರಂಥ, ಅನಂತರ ಹಾಳೆಗೆ. ಅದರ 114 ಸೂರಾಗಳು 30 ಭಾಗಗಳಾಗಿ ಹಂಚಲ್ಪಟ್ಟಿರುವದರಿಂದ ದಿನಕ್ಕೊಂದು ಭಾಗದಂತೆ ರಂಜಾನ್ ತಿಂಗಳಲ್ಲಿ ಪೂರ್ತಿಯಾಗಿ ಓದಿ ಮುಗಿಸಲು ಅನುಕೂಲವಾಗಿದೆ. ಏಳೇ ವಾಕ್ಯಗಳುಳ್ಳ ಮೊದಲನೆಯ ಸೂರಾವನ್ನು ದಿನದ ಐದು ಕಡ್ಡಾಯ ನಮಾಜುಗಳಲ್ಲಿ ಒಟ್ಟು 17 ಸಾರಿ ಹೇಳತಕ್ಕದ್ದು. ಆದಕಾರಣ ಪುಸ್ತಕವನ್ನು ಕೈಯಲ್ಲಿ ಹಿಡಿಯಲು ಪುರುಸೊತ್ತಿಲ್ಲದ ಕೂಲಿಕಾರನ ಬಾಯಲ್ಲಿಯೂ ಗ್ರಂಥದ ಒಂದು ಭಾಗವು ಬೆಳಗಿನಿಂದ ರಾತ್ರಿಯ ವರೆಗೆ ಇದ್ದೇ ಇರುತ್ತದೆ. ನಮ್ಮ ದೇಶದ ಅನೇಕ ಮುಸಲ್ಮಾನ ಕುಟುಂಬಗಳಲ್ಲಿ ಮಗುವಿಗೆ ನಾಲ್ಕು ವರುಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಎಂಬ ಸಮಾರಂಭ ಮಾಡಿ ಅಕ್ಷರಾಭ್ಯಾಸಕ್ಕೆ ತೊಡಗಿಸುವರು.

ಇಲ್ಲಿ ನಮ್ಮ ವಿದ್ಯಾರ್ಥಿನಿಯರು ನೆನಪಿಡಬೇಕಾದ ಹೆಸರೊಂದುಂಟು. ಪ್ರವಾದಿಯವರ ಕಾಲಾನಂತರ ಕುರಾನಿನ ಭಾಗಗಳನ್ನೆಲ್ಲ ಕೂಡಿಸಿ ಬರೆಯಿಸಿದ ಹಾಳೆಗಳು ಕಡೆಯಲ್ಲಿ ಯಾರ ವಶಕ್ಕೆ ಬಂದವು? ಖಲೀಫ ಉಮರರ ಮಗಳೂ ಪ್ರವಾದಿಯವರ ಪತ್ನಿಯೂ ಆದ ಹಫ್ಸಾ ಎಂಬವರ ವಶಕ್ಕೆ. ಮುಂದೆ ಖಲೀಫ ಉಸ್ಮಾನರು ಪ್ರತಿಗಳನ್ನು ಮಾಡಿಸಿ ಊರೂರಿಗೆ ಕಳುಹಿಸುವಾಗ ಆ ಹಾಳೆಗಳನ್ನು ಅವರಿಂದಲೇ ಕೇಳಿ ತರಿಸಿಕೊಂಡು, ಕೆಲಸವಾದ ಮೇಲೆ ಹಿಂದಿರುಗಿಸಿದರೆಂದು ಇಸ್ಲಾಮಿನ ಪರಂಪರೆ ಹೇಳುತ್ತದೆ.

ಅರಬ್ಬಿ ತಿಳಿಯದೆ ಅರಬ್ಬಿಯಲ್ಲಿ ಓದಿದರೆ ಫಲವೇನೆಂದು ಹೊರಗಿನವರು ಕೇಳುವದುಂಟು. ಸಂಸ್ಕೃತ ಮಂತ್ರಗಳ ವಿಷಯದಲ್ಲಿಯೂ ಇದೇ ಪ್ರಶ್ನೆ. ಅರ್ಥವಾಗದ ಪಠನವು ವ್ಯರ್ಥವೆಂದು ನಾವು ಹೇಳಲಾರೆವು. ತಾಯಿಯ ಜೋಗುಳದ ಅರ್ಥವನ್ನು ತಿಳಿದು ಯಾವ ಕೂಸೂ ಮಲಗಿದ್ದಿಲ್ಲ. ಆದರೆ ಕೂಸು ಬೆಳೆಯುತ್ತದೆ. ದಿಲ್ಲಿಯ ಶಾಹ ಅಬ್ದುಲ್ ಕಾದಿರರು 1790ರ ಸುಮಾರಿಗೆ ಕುರಾನನ್ನು ಉರ್ದುವಿಗೆ ತಿರುಗಿಸಿದ್ದು ಈ ಬೆಳೆಯುವ ಮನಸ್ಸಿಗಾಗಿಯೇ ಎಂದು ನಾವು ಎಣಿಸುತ್ತೇವೆ. ಈಗ ಕನ್ನಡದಲ್ಲಿಯೂ ಅದರ ಅನುವಾದಗಳು ದೊರೆಯುತ್ತವೆ.

ಯೆಹೂದ್ಯರು ಗ್ರಂಥವನ್ನು ಬಾಗಿಲಿಗೇ ಕಟ್ಟಿದ್ದಾರೆ. ಧರ್ಮೋಪದೇಶಕಾಂಡದ ಆರನೆಯ ಮತ್ತು ಹನ್ನೊಂದನೆಯ ಅಧ್ಯಾಯಗಳ ಎರಡು ಭಾಗಗಳನ್ನು ಚರ್ಮಪತ್ರದ ಮೇಲೆ ಕೈಯಿಂದ ಬರೆದು, ಸುರುಳಿ ಸುತ್ತಿ, ಸಣ್ಣ ಕರಡಿಗೆಯಲ್ಲಿಟ್ಟು ಬಾಗಿಲಿನ ಬಲಗಡೆಯ ನಿಲುವಿಗೆ ಬಡಿಯುವರು. ಅದಕ್ಕೆ ಮೆಜೂಜಾ ಎಂದು ಹೆಸರು. ಹೋಗುವಾಗ ಬರುವಾಗ ಕೈಯಿಂದ ಅದನ್ನು ಮುಟ್ಟಿ ಮುದ್ದಿಡುವವರು ಬಹು ಜನ. ಬಡಿದಿಟ್ಟರೆ ಮುಗಿಯಿತೆಂದಲ್ಲ. ಮಳೆಗಾಳಿಗೆ ಅಕ್ಷರ ಅಳಿಸಿದ್ದೀತೆಂದು ಏಳು ವರುಷಗಳಲ್ಲಿ ಎರಡು ಸಾರಿ ಕರಡಿಗೆಯನ್ನು ಬಿಚ್ಚಿ ನೋಡತಕ್ಕದ್ದೆಂದು ವಿಧಿಯಿದೆ. ಈ ವಿಧಿಯನ್ನು ನಾವು ಬಹಳ ಮೆಚ್ಚುತ್ತೇವೆ. ಮನೆಯ ಮಾಡನ್ನೂ ಬಾವಿಯ ಕಟ್ಟೆಯನ್ನೂ ನಾವು ಕಾಲಕಾಲಕ್ಕೆ ಪರೀಕ್ಷಿಸುತ್ತೇವೆ. ದೇವರ ವಾಕ್ಯವು ಮನೆಯಲ್ಲಿ ಇನ್ನೂ ಓದಲು ಬರುವಂತಿದೆಯೇ ಎಂದು ಪರೀಕ್ಷಿಸುವದು ಎಷ್ಟು ಮನೆಗಳಲ್ಲಿ?

ದೇವರ ನಾಮವಿರುವ ಹಾಳೆ ಹರಿದುಹೋದರೂ ಅದನ್ನು ಸುಡುವದಾಗಲಿ ಬಿಸಾಡುವದಾಗಲಿ ಅವರಲ್ಲಿ ಇಲ್ಲ. ಸಭಾಮಂದಿರದ ಒಂದು ಕೋಣೆಯಲ್ಲಿ ಕೂಡಿಟ್ಟು, ಸಮಯ ನೋಡಿ ಮಣ್ಣಿನಲ್ಲಿ ಹೂಳುವರು. ಆ ಕೋಣೆಯೇ ಗೆನೀಜಾ. ಈಜಿಪ್ಟಿನ ಹಳೆಯ ಕೈರೋದ ಸಭಾಮಂದಿರದಲ್ಲಿ ಮಾತ್ರ ಹೂಳುವ ಕೆಲಸ ನಡೆಯಲಿಲ್ಲ. ಶತಮಾನಗಟ್ಟಲೆ ಕಾಗದಗಳು ಅಲ್ಲಿಯೇ ಬಿದ್ದುಕೊಂಡವು. ಇಂಗ್ಲೆಂಡದ ಕೇಂಬ್ರಿಜಿನಲ್ಲಿ ವಾಸವಾಗಿದ್ದ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರು 1896ರಲ್ಲಿ ಪೂರ್ವದೇಶಗಳ ಪ್ರವಾಸದಿಂದ ಕೊಂಡುತಂದ ಒಂದು ಹಾಳೆಯನ್ನು ಸಾಲಮನ್ ಶೆಕ್ಟರ್ ಎಂಬ ಪಂಡಿತರಿಗೆ ತೋರಿಸಿದರು. ಅದು ಇಬ್ರಿಯ ಮೂಲವು ಕಳೆದುಹೋಯಿತೆಂದು ಎಲ್ಲರೂ ನಂಬಿದ್ದ ಗ್ರಂಥವೊಂದರ ಹಾಳೆಯೆಂದು ಶೆಕ್ಟರರು ಗುರುತಿಸಿ, ಅದೇ ವರುಷದ ಕೊನೆಗೆ ಕೈರೋಕ್ಕೆ ಹೋಗಿ, ಒಂದು ಲಕ್ಷ ತೊಂಬತ್ತು ಸಾವಿರಕ್ಕೂ ಮಿಕ್ಕಿದ ತುಣುಕುಗಳನ್ನು ಕೇಂಬ್ರಿಜಿಗೆ ತಂದರು. ಆ ಸಹೋದರಿಯರು ಸುರಿಯಾನಿ, ಅರಬ್ಬಿ ಮೊದಲಾದ ಭಾಷೆಗಳನ್ನು ಬಲ್ಲವರು. ಆದರೂ ಅದೇ ವಿದ್ಯಾಪೀಠವು ಸ್ತ್ರೀಯರಿಗೆ ಪೂರ್ಣ ಪದವಿಗಳನ್ನು ಕೊಡಲಾರಂಭಿಸಿದ್ದು 1948ರಲ್ಲಿ.

ಆ ರಾಶಿಯಲ್ಲಿ ಸಿಕ್ಕಿದ್ದು ಧರ್ಮಗ್ರಂಥಗಳು ಮಾತ್ರವಲ್ಲ. ಇಬ್ರಿಯ ಅಕ್ಷರಗಳಲ್ಲಿ ಬರೆದ ಕಾಗದವೆಂಬ ಕಾರಣದಿಂದಲೇ ವ್ಯಾಪಾರದ ಪತ್ರಗಳು, ಸಾಮಾನಿನ ಪಟ್ಟಿಗಳು, ಮದುವೆಯ ಕರಾರುಗಳು ಎಲ್ಲವೂ ಅಲ್ಲಿ ಬಂದು ಸೇರಿದ್ದವು. ಅವುಗಳಲ್ಲಿ ನಮ್ಮ ಮಂಗಳೂರಿನ ಕಾಗದಗಳೂ ಇವೆ! ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯೀಜು ಎಂಬ ಯೆಹೂದ್ಯ ವರ್ತಕನು ಮಂಗಳೂರಿನಲ್ಲಿ ನೆಲೆಸಿ, ಮೆಣಸು ಮೊದಲಾದವುಗಳ ವ್ಯಾಪಾರ ಮಾಡುತ್ತ, ಹಿತ್ತಾಳೆಯ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯನ್ನೂ ನಡೆಸುತ್ತಿದ್ದನು. 1132ರಲ್ಲಿ ಅಶು ಎಂಬ ದಾಸಿಯೊಬ್ಬಳಿಗೆ ಅವನು ಮಂಗಳೂರಿನಲ್ಲಿ ಬರೆದುಕೊಟ್ಟ ಬಿಡುಗಡೆಯ ಪತ್ರವು ಉಳಿದುಬಂದಿದೆ. ಅವಳೇ ಅವನ ಹೆಂಡತಿಯಾಗಿ ಮಕ್ಕಳ ತಾಯಿಯಾದಳೆಂದು ವಿದ್ವಾಂಸರು ಊಹಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಸುಮಾರು ಒಂಬತ್ತುನೂರು ವರುಷಗಳ ಕೆಳಗೆ ಬದುಕಿದ್ದ ದಾಸಿಯೊಬ್ಬಳ ಹೆಸರು ನಮಗೆ ಇಂದು ತಿಳಿದಿರುವದು, ದೂರದ ಊರಿನವರು ದೇವರ ಅಕ್ಷರಗಳನ್ನು ಕಸಕ್ಕೆ ಹಾಕಲಿಲ್ಲವಾದ್ದರಿಂದ.

ಸಿಖ್ಖರಲ್ಲಿ ಗ್ರಂಥವೇ ಗುರು. 1604ರಲ್ಲಿ ಅಮೃತಸರದಲ್ಲಿ ಗುರು ಅರ್ಜುನರು ಕೂಡಿಸಿದ ಗ್ರಂಥವನ್ನು, 1708ರಲ್ಲಿ ಗುರು ಗೋವಿಂದಸಿಂಹರು ತಮ್ಮ ತರುವಾಯದ ಶಾಶ್ವತ ಗುರುವೆಂದು ಸಾರಿದರು. ಬೆಳಗ್ಗೆ ಅದನ್ನು ಗೌರವದಿಂದ ತೆರೆದು, ಮೊದಲು ಕಣ್ಣಿಗೆ ಬಿದ್ದ ಪದವನ್ನು ಆ ದಿನದ ಅಪ್ಪಣೆಯೆಂದು ತೆಗೆದುಕೊಳ್ಳುವರು. ರಾತ್ರಿ ಮುಚ್ಚಿ ವಿಶ್ರಾಂತಿಗೆ ಮಲಗಿಸುವರು. ಹುಟ್ಟಿದ ಮಗುವಿನ ಹೆಸರಿಗೂ ಹಾಗೆ ತೆರೆದು ಬಂದ ಪದದ ಮೊದಲ ಅಕ್ಷರವೇ ಆಧಾರ. ಕಬೀರ, ನಾಮದೇವ, ರವಿದಾಸ, ಶೇಖ ಫರೀದ ಇವರ ಪದಗಳೂ ಅದರೊಳಗೆ ಸೇರಿರುವದರಿಂದ, ನೇಕಾರನ, ಚಿಪ್ಪಿಗನ, ಚಮ್ಮಾರನ, ಮುಸಲ್ಮಾನ ಸಂತನ ಮಾತುಗಳಿಗೂ ಅರಸುಗಳು ತಲೆಬಾಗಿದ್ದಾರೆ. 1430 ಪುಟಗಳ ಆ ಮಹಾಗ್ರಂಥವನ್ನು ಇಡಲು ಪ್ರತ್ಯೇಕ ಕೋಣೆಯೇ ಬೇಕು. ಆದಕಾರಣ ಸಾಮಾನ್ಯ ಮನೆಗಳಲ್ಲಿ ನಿತ್ಯಪ್ರಾರ್ಥನೆಯ ಸಣ್ಣ ಪುಸ್ತಕವನ್ನಿಟ್ಟುಕೊಂಡು ಬೆಳಗ್ಗೆ, ಸಂಜೆ, ಮಲಗುವ ಮುನ್ನ ಓದುವರು. ಅದಕ್ಕೆ ಗುಟಕಾ ಎಂದು ಹೆಸರು. ನಮ್ಮ ಕಡೆಯ ಅಂಗಡಿಗಳಲ್ಲಿ ಆ ಹೆಸರು ಎಂಥ ಪದಾರ್ಥಕ್ಕೆ ಅಂಟಿಕೊಂಡಿತೆಂಬದನ್ನು ನೆನೆದು ಸಿಖ್ಖ ಗೃಹಿಣಿಯು ನಗಬಹುದು, ಇಲ್ಲವೆ ಮರುಗಬಹುದು. ಬೀದರದ ನಾನಕ ಝರಾಕ್ಕೆ ಹೋದವರು ಈ ಪದ್ಧತಿಗಳನ್ನು ನಮ್ಮ ನಾಡಿನಲ್ಲಿಯೇ ಕಣ್ಣಾರೆ ಕಾಣಬಹುದು.

ಹಿಂದೂಗಳ ವೇದವು ಪುಸ್ತಕವೇ ಅಲ್ಲ, ಶ್ರುತಿ. ಬರೆಯದೆ, ಪದ ಕ್ರಮ ಜಟೆ ಘನ ಮೊದಲಾದ ಪಾಠಗಳಿಂದ ಒಂದಕ್ಷರವೂ ಚ್ಯುತಿಯಾಗದಂತೆ ಬಾಯಿಂದ ಬಾಯಿಗೆ ಸಾಗಿಸಿದ ಆ ಸಾಧನೆಗೆ ಲೋಕದಲ್ಲಿ ಸಾಟಿ ಕಡಮೆ. ಆದರೆ ಆ ಕಿವಿಗಳ ಸಾಲಿನಲ್ಲಿ ಸ್ತ್ರೀಯರಿಗೂ ಶೂದ್ರರಿಗೂ ಬಹುಕಾಲ ಎಡೆಯಿರಲಿಲ್ಲ. ಇದನ್ನು ಮುಚ್ಚಿಡುವದರಲ್ಲಿ ಅರ್ಥವಿಲ್ಲ. ವೇದವು ಸ್ತ್ರೀಯರ ಕಿವಿಗೆ ಬೀಳದೆಂಬ ಕರುಣೆಯಿಂದಲೇ ವ್ಯಾಸರು ಭಾರತವನ್ನು ರಚಿಸಿದರೆಂದು ಭಾಗವತವೇ ಹೇಳುತ್ತದೆ. ಆ ಭಾರತವೂ ಸಂಸ್ಕೃತದಲ್ಲಿದ್ದುದರಿಂದ, ಗದುಗಿನ ನಾರಣಪ್ಪನು ಕನ್ನಡಿಸಿದ ಮೇಲೆಯೇ ಅದು ನಿಜವಾಗಿ ನಮ್ಮ ಹಜಾರಗಳಿಗೆ ಇಳಿದು ಬಂತು. ಮಳೆ ಬಾರದಿದ್ದರೆ ವಿರಾಟಪರ್ವವನ್ನು ಓದಿಸುವ ಹಳ್ಳಿಗಳು ನಮ್ಮಲ್ಲಿವೆ. ಗಮಕಿಯೊಬ್ಬನು ರಾಗವಾಗಿ ಓದುವನು. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರನು ಪದ್ಯಪದ್ಯಕ್ಕೂ ಅರ್ಥ ಹೇಳುವನು. ಬಾಗಿಲ ಮರೆಯಲ್ಲಿ ಕುಳಿತ ಹೆಂಗಸರು ಕಡಲೆಕಾಯಿ ಬಿಡಿಸುತ್ತಲೋ ಬತ್ತಿ ಹೊಸೆಯುತ್ತಲೋ ಕೇಳುವರು. ನಾವು ವಿಚಾರಿಸಿದ ಏರ್ಪಾಡುಗಳಲ್ಲೆಲ್ಲ ನಮಗೆ ಹೆಚ್ಚು ಹಿಡಿಸಿದ್ದು ಇದೇ. ಇಲ್ಲಿ ಓದೂ ಅರ್ಥವೂ ಒಂದೇ ಜಮಖಾನದ ಮೇಲೆ ಕುಳಿತಿರುತ್ತವೆ. ಅಕ್ಷರ ಬಾರದವರೂ ಹೊರಗುಳಿಯುವದಿಲ್ಲ.

ಹೀಗೆ ಕೇಳಿದ ಹೆಂಗಸರು ಕೇಳಿದಷ್ಟಕ್ಕೆ ನಿಲ್ಲಲಿಲ್ಲ. ಹೆಳವನಕಟ್ಟೆಯ ಗಿರಿಯಮ್ಮನವರು ಹದಿನೆಂಟನೆಯ ಶತಮಾನದಲ್ಲಿ ಚಂದ್ರಹಾಸನ ಕಥೆ ಮೊದಲಾದವನ್ನು ಹೆಂಗಸರು ಹಾಡಲು ತಕ್ಕಂತೆ ಕಟ್ಟಿದರು. ಅವರಿಗೂ ಆರುನೂರು ವರುಷ ಮುಂಚೆ ಅಕ್ಕಮಹಾದೇವಿಯವರು ನುಡಿದ ವಚನಗಳು ಲಿಂಗಾಯತರ ಮನೆಮನೆಯಲ್ಲಿ ಶಾಸ್ತ್ರವೆನಿಸಿವೆ. ಆದರೆ ಆ ವಚನಗಳ ತಾಡವೋಲೆಯ ಕಟ್ಟುಗಳೂ ಬಹುಕಾಲ ಜಗಲಿಯ ಮೇಲೆ ವಿಭೂತಿ ಪತ್ರಿಗಳ ಕೆಳಗೆ ಪೂಜೆಗೊಳ್ಳುತ್ತ ಮಲಗಿದ್ದವು. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಬೇಡಿ ತಂದು, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದ ಮೇಲೆ ಓದುವವರ ಕೈಗೆ ಅವು ಹೆಚ್ಚಾಗಿ ಸಿಕ್ಕಿದವು.

ಪೂಜೆಗೊಂಡು ಮಲಗಿದ ಗ್ರಂಥದ ಕಥೆಗಳಲ್ಲಿ ಮೂಡಬಿದಿರೆಯ ಕಥೆಯನ್ನು ಮೀರಿದ್ದು ನಮಗೆ ತಿಳಿದಿಲ್ಲ. ಜೈನ ದಿಗಂಬರರ ಪರಮಾಗಮವಾದ ಷಟ್ಖಂಡಾಗಮವು, ಕೇಳಿ ಬಂದ ಜ್ಞಾನವು ಮರೆತುಹೋದೀತೆಂಬ ಭಯದಿಂದ ಬರೆಯಲ್ಪಟ್ಟದ್ದೆಂದು ಅವರ ಪರಂಪರೆ. ಅದು ಮುಗಿದ ದಿನವನ್ನು ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಅದಕ್ಕೆ ವೀರಸೇನಾಚಾರ್ಯರು ಬರೆದ ಧವಳಾ ಎಂಬ ಟೀಕೆಯ ಹಳಗನ್ನಡ ಲಿಪಿಯ ತಾಡಪತ್ರಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹೊರತು ಬೇರೆಲ್ಲಿಯೂ ಉಳಿಯಲಿಲ್ಲ. ಯಾತ್ರಿಕರು ಬರುವರು, ಓಲೆಗಳ ದರ್ಶನ ಮಾಡುವರು, ಕಾಣಿಕೆ ಇಟ್ಟು ಹೋಗುವರು. ಓದುವವರಿಲ್ಲ. ಓಲೆಗಳೋ ವರುಷದಿಂದ ವರುಷಕ್ಕೆ ಶಿಥಿಲವಾಗುತ್ತ ಬಂದವು. ಆ ಭಕ್ತಿ ಇಲ್ಲದಿದ್ದರೆ ಗ್ರಂಥವು ಎಂದೋ ನಾಶವಾಗುತ್ತಿತ್ತು. ಭಕ್ತಿಯೊಂದೇ ಇದ್ದಿದ್ದರೆ ಮುಂದೆ ನಾಶವಾಗುತ್ತಿತ್ತು.

ಸೊಲ್ಲಾಪುರ ಮುಂಬಯಿಗಳ ಜೈನ ಶ್ರೀಮಂತರ ಪ್ರಯತ್ನದಿಂದ 1896ರ ಸುಮಾರಿಗೆ ನಕಲು ಮಾಡುವ ಕೆಲಸ ಆರಂಭವಾಗಿ ಬಹಳ ವರುಷ ನಡೆಯಿತು. ನಕಲು ಬಸದಿಯಲ್ಲಿಯೇ ಇರಬೇಕು, ಹೊರಗೆ ಹೋಗಕೂಡದು ಎಂಬದು ಅಲ್ಲಿಯವರ ನಿಶ್ಚಯ. ನಕಲು ಮಾಡುತ್ತಿದ್ದ ಪಂಡಿತರಲ್ಲೊಬ್ಬರಾದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಮಾಡಿದರು. ಆ ಕೆಲಸದಲ್ಲಿ ಅವರಿಗೆ ಹೆಗಲು ಕೊಟ್ಟವರು ವಿದುಷಿಯಾದ ಅವರ ಪತ್ನಿ ಲಕ್ಷ್ಮೀಬಾಯಿಯವರು. ಆ ಪ್ರತಿಯು ಉತ್ತರದ ಸಹಾರನಪುರಕ್ಕೆ ಹೋಗಿ, ಅಲ್ಲಿಂದ ಬೇರೆ ಪ್ರತಿಗಳಾಗಿ, ಕಡೆಗೆ 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿತು. ಗುಟ್ಟಾಗಿ ಮಾಡಿದ್ದು ಸರಿಯೋ ತಪ್ಪೋ ಎಂಬ ವ್ಯಾಜ್ಯಕ್ಕೆ ನಾವು ಹೋಗುವದಿಲ್ಲ. ನಮ್ಮ ಮನಸ್ಸು ಹೋಗುವದು ಆ ಹೆಂಗಸಿನ ಕಡೆಗೆ. ದೊಡ್ಡ ದೊಡ್ಡ ಪಂಡಿತರು ದೂರದಿಂದ ಕೈಮುಗಿದು ಹೋದ ಆಗಮವು ಅಕ್ಷರ ಅಕ್ಷರವಾಗಿ ಅವಳ ಕೈಯಲ್ಲಿ ಹಾದುಹೋಯಿತು. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂಬದನ್ನು ಕನ್ನಡ ಓದಿದ ಹುಡುಗಿಯರೆಲ್ಲರೂ ಬಲ್ಲರು. ಲಕ್ಷ್ಮೀಬಾಯಿಯವರ ಹೆಸರನ್ನೂ ಅದೇ ಪಾಠದ ಜೊತೆಯಲ್ಲಿ ಹೇಳಿಕೊಡಬೇಕು.

ಕ್ರೈಸ್ತರ ಮನೆಗಳಿಗೆ ಬರೋಣ. ಸತ್ಯವೇದವನ್ನು ಅವರವರ ಭಾಷೆಯಲ್ಲಿ ಕೊಡುವ ಪ್ರಯತ್ನ ದೊಡ್ಡದು; ಕನ್ನಡದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸರೂ ಅವರ ಜೊತೆಯವರೂ ದುಡಿದು 1831ರ ಹೊತ್ತಿಗೆ ಅದನ್ನು ಪೂರ್ಣಗೊಳಿಸಿದರು. ವೇಲ್ಸ್ ದೇಶದ ಮೇರಿ ಜೋನ್ಸ್ ಎಂಬ ಬಡ ಹುಡುಗಿಯ ಕಥೆಯನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಆರು ವರುಷ ಕಾಸು ಕೂಡಿಟ್ಟು, 1800ರಲ್ಲಿ ಇಪ್ಪತ್ತೈದು ಮೈಲಿಯಷ್ಟು ದೂರವನ್ನು ಬರಿಗಾಲಲ್ಲಿ ನಡೆದು, ತನ್ನ ಭಾಷೆಯ ಸತ್ಯವೇದವೊಂದನ್ನು ಕೊಂಡಳು. ಆ ಪುಸ್ತಕವು ಈಗ ಕೇಂಬ್ರಿಜಿನಲ್ಲಿ, ಆ ಗೆನೀಜಾದ ತುಣುಕುಗಳಿರುವ ಗ್ರಂಥಾಲಯದಲ್ಲಿಯೇ ಇದೆ. ಅದರೊಳಗೆ ತಾನು ಎಷ್ಟನೆಯ ವಯಸ್ಸಿನಲ್ಲಿ ಅದನ್ನು ಕೊಂಡೆನೆಂದು ಅವಳು ತನ್ನ ಕೈಯಿಂದ ಬರೆದಿದ್ದಾಳೆ. ನಮ್ಮ ಕ್ರೈಸ್ತ ಮನೆಗಳಲ್ಲಿಯೂ ಸತ್ಯವೇದದ ಖಾಲಿ ಹಾಳೆಯಲ್ಲಿ ಜನನ, ದೀಕ್ಷಾಸ್ನಾನ, ವಿವಾಹ, ಮರಣಗಳ ತಾರೀಖುಗಳನ್ನು ಬರೆಯುವ ವಾಡಿಕೆಯುಂಟು. ಮೂರು ತಲೆಮಾರಿನ ಕೈಬರಹಗಳು ಒಂದರ ಕೆಳಗೊಂದು ನಿಂತಿರುವ ಅಂಥ ಹಾಳೆಗಳಲ್ಲಿ ಹೆಣ್ಣುಮಕ್ಕಳ ಬರಹವು ಸಾಮಾನ್ಯವಾಗಿ ಎಷ್ಟನೆಯ ಸಾಲಿನಿಂದ ಆರಂಭವಾಗುತ್ತದೆಂದು ನೋಡಿದರೆ, ಆ ಮನೆಯಲ್ಲಿ ವಿದ್ಯೆ ಬಂದ ಕಾಲವು ತಿಳಿಯುತ್ತದೆ.

ಆದರೆ ಸ್ವಭಾಷೆಯ ಅಚ್ಚಿನ ಪುಸ್ತಕ ಸಿಕ್ಕಿದ ಮಾತ್ರಕ್ಕೆ ಓದಿಯೇ ಓದುವರೆಂದು ತಿಳಿಯಬಾರದು. ಬಂಗಾರದ ಅಂಚಿನ ಬಹುಮಾನದ ಪ್ರತಿಯು ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇಪ್ಪತ್ತು ವರುಷ ಬೀರುವಿನಲ್ಲಿರುವದನ್ನು ನಾವು ಕಂಡಿದ್ದೇವೆ. ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದರ ಗತಿಯೂ ಅದೇ. ಹೊಸದಾಗಿರುವ ಗ್ರಂಥವನ್ನು ಕೈಯ ಎಣ್ಣೆ ತಾಗಿಸಿ ಕೆಡಿಸಲು ಯಾವ ಸೊಸೆಗೂ ಮನಸ್ಸಾಗದು.

ಸ್ತ್ರೀಯ ದಿನಚರಿಯನ್ನು ಬಲ್ಲವರಿಗೆ ಒಂದು ಸಂಗತಿ ಗೊತ್ತಿದೆ: ಅವಳಿಗೆ ಇಡೀ ಒಂದು ತಾಸು ಒಟ್ಟಿಗೆ ದೊರೆಯುವದಿಲ್ಲ. ಸಿಕ್ಕುವದು ಹಾಲು ಉಕ್ಕುವ ಮುಂಚಿನ ಐದು ನಿಮಿಷ, ಮಗು ಮಲಗಿದ ಮೇಲಿನ ಹತ್ತು ನಿಮಿಷ. ನಾವು ನೋಡಿದ ಹಳೆಯ ಪದ್ಧತಿಗಳೆಲ್ಲ ಇದನ್ನು ಅರಿತೇ ಇದ್ದವೆಂದು ತೋರುತ್ತದೆ. ಬಾಗಿಲು ದಾಟುವ ಕ್ಷಣ, ಏಳು ವಾಕ್ಯಗಳ ಸೂರಾ, ಬೆಳಗಿನ ಒಂದು ಪದ, ಬತ್ತಿ ಹೊಸೆಯುತ್ತ ಕೇಳಿದ ಒಂದು ಸಂಧಿ, ಊಟದ ತರುವಾಯ ಮನೆಯವರೆಲ್ಲ ಕುಳಿತು ಕೇಳುವ ಒಂದು ಅಧ್ಯಾಯ. ಈಗ ಮಗಳಿಗೆ ಅಕ್ಷರ ಬರುತ್ತದೆ. ಮನೆಯಲ್ಲಿ ಗಟ್ಟಿಯಾಗಿ ಓದುವ ಕೆಲಸವನ್ನು ವಾರಕ್ಕೊಂದು ದಿನವಾದರೂ ಅವಳಿಗೆ ಬಿಟ್ಟುಕೊಡಿರೆಂದು ತಂದೆತಾಯಿಗಳನ್ನು ಕೇಳಿಕೊಳ್ಳುತ್ತೇವೆ. ತಪ್ಪು ಉಚ್ಚಾರವಾದರೆ ಅಲ್ಲಿಯೇ ತಡೆಯದೆ, ಓದು ಮುಗಿದ ಮೇಲೆ ಹೇಳಿದರೆ ಸಾಕು. ಅರ್ಥವಾಗದ್ದನ್ನು ಅವಳು ಕೇಳಿದಾಗ, ಉತ್ತರ ತಿಳಿಯದಿದ್ದರೆ ತಿಳಿಯದೆಂದೇ ಹೇಳಿ, ಬಲ್ಲವರ ಬಳಿಗೆ ಕರೆದೊಯ್ಯಿರಿ. ಹೆಣ್ಣುಮಗಳಿಗೆ ಇಷ್ಟೆಲ್ಲ ಏಕೆಂದು ಮಾತ್ರ ಅನ್ನಬೇಡಿರಿ.

ಗಂಡನ ಮನೆಗೆ ಹೋಗುವವಳ ಪೆಟ್ಟಿಗೆಯಲ್ಲಿ ತಮ್ಮ ತಮ್ಮ ಗ್ರಂಥವನ್ನಿಡುವ ತಾಯಂದಿರಿಗೆ ಇನ್ನೊಂದು ಸೂಚನೆ. ರೇಷ್ಮೆಯಲ್ಲಿ ಸುತ್ತಿದ್ದು ಒಂದು ಇರಲಿ. ಅದರ ಜೊತೆಗೆ ಕಡಮೆ ಬೆಲೆಯ, ದಪ್ಪ ಅಕ್ಷರದ, ಗಟ್ಟಿ ಹೊಲಿಗೆಯ ಇನ್ನೊಂದು ಪ್ರತಿಯನ್ನೂ ಇಡಿರಿ. ಅಡಿಗೆಯ ಕೋಣೆಯ ಹೊರಬದಿಯ ಗೂಡಿನಲ್ಲಿ, ಕೈ ತೊಳೆದು ಒರಸಿಕೊಂಡೊಡನೆ ಎಟಕುವ ಎತ್ತರದಲ್ಲಿ ಅದಕ್ಕೆ ಜಾಗವಾಗಲಿ.